ಓಡುತ್ತಿರುವವನು ನಿದ್ದೆಯಲ್ಲಿದ್ದಾನೆ

ಕೆಡುವ ಯಂತ್ರಗಳಲ್ಲಿ ಎರಡು ಸ್ವಭಾವದವು ಇರುತ್ತವೆ. ಕರಕರ ಸದ್ದು ಮಾಡಿ, ಹೊಗೆ ಬಿಟ್ಟು, ಓಣಿಯವರಿಗೆಲ್ಲ ಗೊತ್ತಾಗುವ ಹಾಗೆ ಕೆಡುವವು ಮೊದಲನೆಯವು. ಏನೂ ಆಗಿಲ್ಲವೆಂಬಂತೆ ಮುಖ ಮಾಡಿಕೊಂಡು, ಇದ್ದಲ್ಲೇ ಸುಮ್ಮನೆ ನಿಂತುಬಿಡುವವು ಎರಡನೆಯವು. ಮೊದಲನೆಯದನ್ನು ದುರಸ್ತಿ ಮಾಡುವವರು ನಮ್ಮ ರಾಣೆಬೆನ್ನೂರಿನಲ್ಲಿ ಓಣಿಗಿಬ್ಬರು ಸಿಗುತ್ತಾರೆ. ಎರಡನೆಯದರ ಮುಂದೆ ಗಲ್ಲಕ್ಕೆ ಕೈ ಹಚ್ಚಿ ಕುಳಿತು, “ನಿನಗೇನಾಗಿದೆ, ಬಾಯಿಬಿಟ್ಟು ಹೇಳಬಾರದೇ” ಎಂದು ಬೇಡಿಕೊಳ್ಳುವುದು ನನ್ನ ಉದ್ಯೋಗ. ಹೀಗೆಂದರೆ ಯಾರಿಗೂ ತಿಳಿಯುವುದಿಲ್ಲ. ನಾನು ಟಿ.ವಿ. ರಿಪೇರಿ ಮಾಡುತ್ತೇನೆಂದು ತಿಳಿದ ಎದುರುಮನೆಯವರು ಎರಡು ಸಲ ರಿಮೋಟು ತಂದುಕೊಟ್ಟಿದ್ದಾರೆ. ಒಂದನ್ನು ಸರಿ ಮಾಡಿಯೂ ಕೊಟ್ಟೆ. ಸೆಲ್ಲು ತಿರುವುಮುರುವು ಹಾಕಿದ್ದರು. ಅಂದಿನಿಂದ ನನ್ನ ವಿದ್ಯೆಯ ಬಗ್ಗೆ ಓಣಿಯಲ್ಲಿ ಬಹಳ ಗೌರವ. ನಿಜ ಹೇಳಬೇಕೆಂದರೆ ನನ್ನ ವಿದ್ಯೆಯಲ್ಲಿ ಮುಕ್ಕಾಲು ಪಾಲು ಗೊಂದಲವೇ. ಉಳಿದ ಕಾಲು ಪಾಲು, ಆ ಗೊಂದಲವನ್ನು ಮುಖದ ಮೇಲೆ ತೋರಗೊಡದಿರುವುದು.

ನಾನು ಓದಿದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಇಬ್ಬರು ಹೆಣ್ಣುಮಕ್ಕಳು ತಮ್ಮ ಜಡೆ ತಾವೇ ಹಾಕಿಕೊಳ್ಳುವಷ್ಟಾದ ಮೇಲೆ ಹಾವೇರಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿದೆ. ದಿನಾ ಮುಂಜಾನೆ ರಾಣೆಬೆನ್ನೂರಿನಿಂದ ಬಸ್ಸು ಹತ್ತಿ ಹೋಗುತ್ತೇನೆ, ಸಂಜೆ ಬರುತ್ತೇನೆ. ವರ್ಕ್‌ಶಾಪಿನ ಮಾಲೀಕ ಮಹಾಂತೇಶ ಇಂಜಿನಿಯರಿಂಗ್ ಓದಿದವನು. ನನಗಿಂತ ಹದಿನಾಲ್ಕು ವರ್ಷ ಚಿಕ್ಕವನು. ನನ್ನನ್ನು ‘ಅಕ್ಕಾರ’ ಎಂದು ಕರೆಯುತ್ತಾನೆ. ಎರಡು ಖೋಲಿ, ಎರಡು ಕಂಪ್ಯೂಟರು, ಒಂದು ಸೋರುವ ನಳ, ನಾವಿಬ್ಬರು, ಇಷ್ಟೇ ವರ್ಕ್‌ಶಾಪು. ಇಂಟರ್ನೆಟ್ಟು ಫೋನಿನ ತಂತಿಯಲ್ಲಿ ಕಿರುಚುತ್ತ ಬರುತ್ತದೆ. ಮಹಾಂತೇಶನ ತಾಯಿ ಫೋನ್ ಮಾಡಿದರೆ ಹೋಗಿಬಿಡುತ್ತದೆ. ಇಂಥಲ್ಲಿ ಕೂತು ನಾವು ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜುಗಳಿಗೆ ಡಬ್ಬಿ ಮಾಡುತ್ತೇವೆ. ಮದುವೆಯ ಫೋಟೋ ಆಲ್ಬಮ್ಮಿನಷ್ಟು ದೊಡ್ಡ ತಗಡಿನ ಡಬ್ಬಿ. ಒಳಗೆ ಒಂದು ಬೋರ್ಡು. ಖೋಲಿಯ ಗೋಡೆಗೆ ಅದನ್ನು ತೂಗುಹಾಕಿದರೆ, ಒಳಗಿನ ತಂಪು ಎಷ್ಟಿದೆ ಎಂದು ನೋಡಿ, ಬೇಕಾದಾಗ ಯಂತ್ರ ಚಾಲೂ ಮಾಡಿ, ಬಾಗಿಲು ಬಹಳ ಹೊತ್ತು ತೆರೆದಿದ್ದರೆ ಗಂಟೆ ಬಾರಿಸಿ, ಎಲ್ಲವನ್ನೂ ಕೆಂಪು ಅಂಕಿಗಳಲ್ಲಿ ತೋರಿಸುತ್ತದೆ.

ಈ ಡಬ್ಬಿಯ ಒಳಗುಟ್ಟನ್ನು ಒಂದಿಷ್ಟು ಹೇಳಲೇಬೇಕು, ಇಲ್ಲದಿದ್ದರೆ ನನ್ನ ಫಜೀತಿ ನಿಮಗೆ ತಿಳಿಯುವುದಿಲ್ಲ. ಒಳಗೆ ಕೆಲಸ ಮಾಡುವ ಮೆದುಳು ಒಂದೇ, ಆದರೆ ಕೆಲಸ ಹಲವು. ನಾನು ಮುಂಜಾನೆ ಅಡಿಗೆಮನೆಯಲ್ಲಿ ಮಾಡುವುದೂ ಅದೇ. ರೊಟ್ಟಿ ಬಡಿಯುತ್ತ ಬಡಿಯುತ್ತ ಹಾಲಿನ ಕಡೆ ನೋಡಿ, ಹಾಲಿನಿಂದ ಪಲ್ಯಕ್ಕೆ ಕೈ ಹಾಕಿ, ಪಲ್ಯ ಬಿಟ್ಟು ಮಗಳ ರಿಬ್ಬನ್ನು ಹುಡುಕಿ, ತಿರುಗಿ ರೊಟ್ಟಿಗೆ ಬರುತ್ತೇನೆ. ನೋಡಿದವರಿಗೆ ಎಲ್ಲ ಒಟ್ಟಿಗೇ ನಡೆದಂತೆ ಕಾಣುತ್ತದೆ. ಎಲ್ಲಿಗೆ ಬಿಟ್ಟಿದ್ದೆನೆಂಬುದು ನೆನಪಿದ್ದರೆ ಮಾತ್ರ ಇದು ಸಾಧ್ಯ. ಅದಕ್ಕೇ ಪಲ್ಯದೊಳಗೆ ಸೌಟು, ಹಿಟ್ಟಿನ ಮೇಲೆ ಒದ್ದೆ ಬಟ್ಟೆ, ಇವೇ ನನ್ನ ಗುರುತುಗಳು. ಡಬ್ಬಿಯಲ್ಲಿ ಹೀಗೆ ಸರದಿಯ ಮೇಲೆ ನಡೆಯುವ ಒಂದೊಂದು ಕೆಲಸಕ್ಕೂ ಥ್ರೆಡ್ ಎಂದು ಹೆಸರು. ನಮ್ಮ ಬೋರ್ಡಿನಲ್ಲಿ ಐದು ಥ್ರೆಡ್ಡುಗಳಿದ್ದವು: ತಂಪು ನೋಡುವವನು, ಯಂತ್ರ ನಡೆಸುವವನು, ಬಾಗಿಲು ಕಾಯುವವನು, ಅಂಕಿ ತೋರಿಸುವವನು, ಗಂಟೆ ಬಾರಿಸುವವನು. ಇವರಲ್ಲದೆ, ಯಾರಿಗೂ ಕೆಲಸವಿಲ್ಲದಾಗ ಸುಮ್ಮನೆ ಕುಳಿತಿರಲೆಂದೇ ಒಬ್ಬ ಆರನೆಯವನು. ಯಾರ ಸರದಿ ಯಾವಾಗ ಎಂದು ನೋಡಿಕೊಳ್ಳುವ ಯಜಮಾನಿಕೆ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಮ್ಮಿನದು. ಒಬ್ಬನನ್ನು ಎಬ್ಬಿಸಿ ಇನ್ನೊಬ್ಬನನ್ನು ಕೂರಿಸುವಾಗ, ಎದ್ದವನು ಎಲ್ಲಿಗೆ ಬಿಟ್ಟ ಎಂದು ಅದು ಅವನ ಚೀಟಿಯಲ್ಲಿ ಬರೆದಿಡುತ್ತದೆ.

ಹೋದ ಬೇಸಿಗೆಯಲ್ಲಿ ಈ ಡಬ್ಬಿ ಎರಡನೆಯ ಸ್ವಭಾವದ ಕೇಡಿಗೆ ತಿರುಗಿತು. ಬ್ಯಾಡಗಿಯ ಬಸವಂತಪ್ಪನವರ ಕೋಲ್ಡ್ ಸ್ಟೋರೇಜಿನಲ್ಲಿ ನಮ್ಮ ಮೂರು ಡಬ್ಬಿಗಳಿದ್ದವು. ಅವುಗಳಲ್ಲಿ ಒಂದು ಆಗಾಗ, ಅದೂ ಪೇಟೆ ನಡೆಯುವ ಸೋಮವಾರ ಇಲ್ಲವೇ ಗುರುವಾರವೇ, ‘ಆರು ಡಿಗ್ರಿ’ ಎಂಬ ಅಂಕಿಯನ್ನು ಹಿಡಿದುಕೊಂಡು ನಿಂತುಬಿಡುತ್ತಿತ್ತು. ಒಳಗೆ ಹನ್ನೆರಡಾದರೂ ಅದರ ಮುಖದ ಮೇಲೆ ಆರೇ. ಯಂತ್ರವೂ ಚಾಲೂ ಇಲ್ಲ, ಗಂಟೆಯೂ ಇಲ್ಲ. ಫೋನ್ ಬಂದಕೂಡಲೇ ನಾವು ಹಾವೇರಿಯಿಂದ ಓಡಿಹೋಗುತ್ತಿದ್ದೆವು. ನಾವು ಮುಟ್ಟುವಷ್ಟರಲ್ಲಿ ಅವರು ಸ್ವಿಚ್ಚು ಆರಿಸಿ, ಡಬ್ಬಿಗೆ ಎರಡು ಏಟು ಹಾಕಿ, ಮತ್ತೆ ಹಚ್ಚಿರುತ್ತಿದ್ದರು. ಡಬ್ಬಿ ಏನೂ ಆಗಿಯೇ ಇಲ್ಲವೆಂಬಂತೆ ಕೆಲಸ ಮಾಡುತ್ತಿರುತ್ತಿತ್ತು. ನಾವು ಚಹಾ ಕುಡಿದು, ಮೆಣಸಿನ ಘಾಟಿಗೆ ಹತ್ತಿಪ್ಪತ್ತು ಸೀನು ಸೀನಿ, ಹಿಂತಿರುಗುತ್ತಿದ್ದೆವು.

ನಾಲ್ಕನೆಯ ಸಲ ಬಸವಂತಪ್ಪನವರು ಚಹಾ ತರಿಸಲಿಲ್ಲ. ಅರವತ್ತು ದಾಟಿದ ಶಾಂತ ಮನುಷ್ಯ; ಸಿಟ್ಟು ಬಂದಾಗ ಇನ್ನೂ ಮೆಲ್ಲಗೆ ಮಾತಾಡುತ್ತಾರೆ. “ತಂಗೀ, ಆ ಖೋಲ್ಯಾಗ ಇರೂದು ನನ್ನ ಮೆಣಸಿನಕಾಯಿ ಅಷ್ಟ ಅಲ್ಲ. ಮಂದಿ ನನ್ನ ನಂಬಿ ಇಟ್ಟಾರ. ತಂಪು ಹೋತಂದ್ರ ಬಣ್ಣ ಹೋತು, ಬಣ್ಣ ಹೋತಂದ್ರ ನನ್ನ ಮಾತು ಹೋತು. ಬರೂ ಗುರುವಾರ ಪ್ಯಾಟಿ ಮುಗಿಯೂದ್ರಾಗ ಇದರ ಬ್ಯಾನಿ ಏನಂತ ಹೇಳ್ರಿ. ಆಗಲಿಲ್ಲಂದ್ರ ಮೂರೂ ಡಬ್ಬಿ ಬಿಚ್ಚಿ ಟಂಟಂ ಗಾಡ್ಯಾಗ ಹೇರಿ ಕಳಿಸಿಬಿಡ್ತೇನಿ” ಎಂದರು. ಬ್ಯಾಡಗಿಯ ಉಳಿದ ಮಾಲೀಕರು, ಬಸವಂತಪ್ಪನವರು ಏನು ಮಾಡುತ್ತಾರೋ ನೋಡಿ ನಮ್ಮ ಡಬ್ಬಿ ಕೊಳ್ಳೋಣವೆಂದು ಕಾಯುತ್ತಿದ್ದರು. ಅವರ ಮೂರು ತಿರುಗಿ ಬಂದರೆ ಮಹಾಂತೇಶ ವರ್ಕ್‌ಶಾಪಿಗೆ ಬೀಗ ಹಾಕಬೇಕು. ವಾಪಸು ಬರುವಾಗ ಮೋಟೆಬೆನ್ನೂರಿನ ಹತ್ತಿರ ಅವನು ಹೇಳಿದ: “ಅಕ್ಕಾರ, ಅದು ನಿಂತಾಗ ಒಳಗ ಯಾರ್ಯಾರ ಎಲ್ಲೆಲ್ಲಿ ನಿಂತಾರ ಅಂತ ಒಮ್ಮೆ ಕಣ್ಣಿಲೆ ನೋಡಬೇಕ್ರಿ.”

ಒಳಗೆ ನೋಡುವುದಕ್ಕೆ ಡಿಬಗರ್ ಎಂಬ ಪ್ರೋಗ್ರಾಮ್ ಇದೆ. ನಾವು ಚಿಕ್ಕವರಿದ್ದಾಗ ಆಡುತ್ತಿದ್ದ ‘ಸ್ಟ್ಯಾಚ್ಯೂ’ ಆಟದ ಹಾಗೆ. ಕಂಪ್ಯೂಟರಿನಿಂದ ಬೋರ್ಡಿಗೆ ಒಂದು ವಾಯರು ಜೋಡಿಸಿ ‘ಸ್ಟ್ಯಾಚ್ಯೂ’ ಎಂದರೆ ಬೋರ್ಡು ಇದ್ದ ಹಾಗೇ ನಿಲ್ಲುತ್ತದೆ. ಆಮೇಲೆ ನಿಧಾನವಾಗಿ ನೋಡಬಹುದು. ಆದರೆ ನಮ್ಮ ಡಿಬಗರಿಗೆ ಆ ಪುಟ್ಟ ಆಪರೇಟಿಂಗ್ ಸಿಸ್ಟಮ್ಮಿನ ಪರಿಚಯವಿರಲಿಲ್ಲ. ಮನೆಗೆ ಬಂದ ಅಪರಿಚಿತರು ಬಾಗಿಲು ತೆರೆದವರೊಬ್ಬರನ್ನೇ ನೋಡಿ ‘ಈ ಮನೆಯಲ್ಲಿ ಒಬ್ಬರೇ ಇದ್ದಾರೆ’ ಎಂದು ಹೋಗುವ ಹಾಗೆ, ಆ ಕ್ಷಣ ಕೆಲಸದಲ್ಲಿದ್ದ ಒಬ್ಬನನ್ನು ಬಿಟ್ಟರೆ ಉಳಿದ ಐವರು ಅದರ ಪಾಲಿಗೆ ಹುಟ್ಟಿಯೇ ಇರಲಿಲ್ಲ. ಆ ಪರಿಚಯವನ್ನು ಮಾಡಿಸಿಕೊಡುವ ಒಂದು ತುಣುಕನ್ನು ಬರೆದು ಡಿಬಗರಿಗೆ ಸೇರಿಸಬೇಕಿತ್ತು. ಡಿಬಗರಿನ ಮೂಲ ಬರವಣಿಗೆ ಪುಕ್ಕಟೆ ಸಿಗುತ್ತಿತ್ತು. ನಮ್ಮ ಇಂಟರ್ನೆಟ್ಟಿನಲ್ಲಿ ಇಳಿಸಿಕೊಳ್ಳಲು ಮೂರು ದಿನ ಹಿಡಿಯಿತು. ಮಹಾಂತೇಶನ ತಾಯಿಗೆ ಮೂರು ದಿನ ಫೋನ್ ಮಾಡಬೇಡಿರೆಂದು ಕೈಮುಗಿದು ಹೇಳಿದ್ದೆವು. ಕೆಲಸ ನನಗೆ ಬಂತು. ಯಾಕೆಂದರೆ ಮಹಾಂತೇಶನ ಅಭಿಪ್ರಾಯದಲ್ಲಿ ನನಗೆ ತಾಳ್ಮೆ ಹೆಚ್ಚು. ಏನು ಮಾಡಬೇಕೆಂದು ತಿಳಿಯದೆ ಸುಮ್ಮನೆ ಕೂತವರನ್ನು ಜನ ತಾಳ್ಮೆಯವರೆಂದು ತಿಳಿಯುವುದು ನನಗೆ ಬಹಳ ಕಡೆ ಅನುಕೂಲವಾಗಿದೆ.

ಆ ತುಣುಕು ಏನೇನು ಹೇಳಬೇಕೆಂಬುದು ಒಂದು ದಿನವಿಡೀ ಕೈಪಿಡಿ ಓದಿದರೂ ನನಗೆ ತಿಳಿಯಲಿಲ್ಲ. ಸಂಜೆ ಮನೆಗೆ ಬಂದರೆ ನಮ್ಮತ್ತೆ ಪಡಸಾಲೆಯಲ್ಲಿ ಕೂತು ಯಾರೊಡನೆಯೋ ಫೋನಿನಲ್ಲಿ ಮಾತಾಡುತ್ತಿದ್ದರು. ಅತ್ತೆಯವರ ತವರು ಹಲಗೇರಿ. ಮಂಡಿನೋವಿನಿಂದ ಹೆಚ್ಚು ಓಡಾಡಲಾರರು, ಆದರೆ ಅವರು ಕೂತ ಜಾಗದಿಂದ ಮನೆಯ ಯಾವ ಸಂಗತಿಯೂ ತಪ್ಪಿಸಿಕೊಳ್ಳಲಾರದು. “ನನ್ನ ಮಗ ಎರಡನೇ ಪಾಳಿಗೆ ಕುಮಾರಪಟ್ಟಣಕ್ಕ ಹೋಗ್ಯಾನ. ದೊಡ್ಡಾಕಿ ಮಾಳಿಗಿ ಮ್ಯಾಲೆ ಓದಾಕತ್ತಾಳ, ಅರ್ಧಕ್ಕ ಬಿಟ್ಟ ಲೆಕ್ಕ ಇನ್ನೂ ಹಂಗ ಐತಿ. ಸಣ್ಣಾಕಿ ಗಿರಣಿ ಮುಂದ ಪಾಳಿ ಹಚ್ಯಾಳ, ಮುಂದ ಇಬ್ಬರ ಡಬ್ಬಿ ಅದಾವ” ಎಂದು ವರದಿ ಒಪ್ಪಿಸುತ್ತಿದ್ದರು. ನಾನು ಚಪ್ಪಲಿ ಬಿಡುವುದನ್ನೂ ಮರೆತು ನಿಂತೆ. ಯಾರ್ಯಾರು ಇದ್ದಾರೆ, ಎಲ್ಲಿ ಬಿಟ್ಟಿದ್ದಾರೆ, ಯಾತಕ್ಕೆ ಕಾಯುತ್ತಿದ್ದಾರೆ. ಕೈಪಿಡಿ ನಲವತ್ತು ಪುಟಗಳಲ್ಲಿ ಕೇಳಿದ್ದು ಇಷ್ಟನ್ನೇ! ಹಾಲು, ಸಿಲಿಂಡರು, ಅತ್ತೆಯ ಗುಳಿಗೆ, ನಮ್ಮನೆಯವರ ಪಾಳಿ ಎಲ್ಲವನ್ನೂ ಬರೆದಿಡುವ ನನ್ನದೊಂದು ಅಡಿಗೆಮನೆಯ ವಹಿ ಇದೆ. ಅದರ ಹಿಂದಿನ ಪುಟದಲ್ಲಿ ಅಲ್ಲೇ ಗುರುತು ಹಾಕಿಕೊಂಡೆ.

ಬರೆಯಲು ಕೂತ ಮೇಲೆ ಒಂದೊಂದೇ ಗೊಂದಲ ಬಾಗಿಲು ತಟ್ಟಿತು. ಮೊದಲ ದಿನ ಆರು ಥ್ರೆಡ್ಡು ತೋರಿಸಬೇಕಾದ ಡಿಬಗರ್ ನಾನ್ನೂರು ತೋರಿಸಿ, ಇನ್ನೂ ತೋರಿಸುತ್ತಲೇ ಇತ್ತು. ಆಪರೇಟಿಂಗ್ ಸಿಸ್ಟಮ್ಮು ತನ್ನ ಪಟ್ಟಿಯನ್ನು ಬಳೆಯ ಹಾಗೆ ದುಂಡಗೆ ಇಟ್ಟುಕೊಂಡಿತ್ತು. ಕೊನೆಯವನ ಮುಂದೆ ಮತ್ತೆ ಮೊದಲನೆಯವನು. ಎಲ್ಲಿ ನಿಲ್ಲಬೇಕೆಂದು ನಾನು ಹೇಳಿರಲಿಲ್ಲ. ಅತ್ತೆ ಬಳಗ ಹೇಳುವಾಗಲೂ ಹೀಗೇ. ಹಲಗೇರಿಯ ಕಾಕಾನಿಂದ ಹೊರಟು, ಅವನ ಸೊಸೆ, ಸೊಸೆಯ ಅಣ್ಣ, ಅಣ್ಣನ ಬೀಗರು ಎಂದು ದಾಟುತ್ತ ದಾಟುತ್ತ ಒಂದು ಗಂಟೆಯಾದ ಮೇಲೆ ತಿರುಗಿ ಹಲಗೇರಿಯ ಕಾಕಾನ ಮನೆ ಬಾಗಿಲಿಗೇ ಬಂದು ನಿಲ್ಲುತ್ತಾರೆ. ಆದರೆ ಅಲ್ಲಿ ನಿಲ್ಲುತ್ತಾರೆ ಎಂಬುದೇ ದೊಡ್ಡದು. ನಾನೂ ಹಾಗೆ ನಿಲ್ಲಿಸಿದೆ. ಆಮೇಲೆ ಹೆಸರುಗಳ ಜಾಗದಲ್ಲಿ ಬರೀ ಕಸ ಬಂತು. ಅದನ್ನೂ ಸರಿಪಡಿಸಿ, ಬುಧವಾರ ಸಂಜೆ ವರ್ಕ್‌ಶಾಪಿನ ಬೋರ್ಡಿಗೆ ‘ಸ್ಟ್ಯಾಚ್ಯೂ’ ಎಂದಾಗ ಆರೂ ಜನ ಹೆಸರು ಸಮೇತ ಸಾಲಾಗಿ ಕಂಡರು. ಯಾರು ಎಲ್ಲಿ ಬಿಟ್ಟಿದ್ದಾರೆಂದು ಪಕ್ಕದಲ್ಲಿ. ಆ ಕ್ಷಣ ಓಡುತ್ತಿರುವವನ, ಅಂದರೆ ಕೆಲಸದಲ್ಲಿರುವವನ, ಮುಂದೆ ಒಂದು ನಕ್ಷತ್ರ. ನಕ್ಷತ್ರ ಪ್ರತಿ ಸಲವೂ ಸುಮ್ಮನೆ ಕೂರುವವನ ಮೇಲೆಯೇ ಇತ್ತು; ವರ್ಕ್‌ಶಾಪಿನಲ್ಲಿ ಬೋರ್ಡಿಗೆ ಬೇರೆ ಕೆಲಸವೇನಿದೆ? ಮಹಾಂತೇಶ ಕುರ್ಚಿಯಿಂದೆದ್ದು, “ಅಕ್ಕಾರ, ಇದನ್ನ ಮಾಡಾಕ ದೊಡ್ಡ ಕಂಪನ್ಯಾಗ ಹತ್ತ ಮಂದಿ ಬೇಕಾಗ್ತಾರ್ರಿ” ಎಂದ. ನಾನು ‘ಅಯ್ಯೋ, ಇದೇನು ಮಹಾ’ ಎಂದೆನಾದರೂ ಬಸ್ಸಿನಲ್ಲಿ ಕಿಟಕಿಯ ಗಾಜಿನಲ್ಲಿ ನನ್ನ ಮುಖವನ್ನು ಎರಡು ಸಲ ನೋಡಿಕೊಂಡೆ.

ಗುರುವಾರ ಮುಂಜಾನೆ ಮನೆಯಲ್ಲಿ ಎಂದಿನಂತೆ, “ಅತ್ತೀ, ಹಾವೇರಿಗೆ ಹೊಂಟೇನ್ರಿ” ಎಂದು ಕೂಗಿ ಹೊರಟೆ. ಹಾವೇರಿಗೆ ಹೋಗಿ, ಕಂಪ್ಯೂಟರು ಎತ್ತಿಕೊಂಡು ನಾವಿಬ್ಬರೂ ಬ್ಯಾಡಗಿಯ ಬಸ್ಸು ಹತ್ತಿದೆವು. ಪೆಟ್ಟಿಗೆ ಮಹಾಂತೇಶನ ಕಾಲ ಬಳಿ. ಮಾನಿಟರು ಹಳೆಯ ಚಾದರದಲ್ಲಿ ಸುತ್ತಿಕೊಂಡು ನನ್ನ ತೊಡೆಯ ಮೇಲೆ. ಪಕ್ಕದ ಹೆಣ್ಣುಮಗಳು ಚಾದರದ ಸೆರಗು ಸರಿಸಿ ನೋಡಿ, “ಎಷ್ಟ ತಿಂಗಳದ್ರಿ?” ಎಂದು ಕೇಳುವವಳಿದ್ದವಳು ಗಾಜು ಕಂಡು ಬಾಯಿ ಮುಚ್ಚಿಕೊಂಡಳು. ಒಂಬತ್ತರೊಳಗೆ ಬಸವಂತಪ್ಪನವರ ಕೋಲ್ಡ್ ಸ್ಟೋರೇಜಿನ ನಡುಮನೆಯಲ್ಲಿ ಡಬ್ಬಿಯ ಎದುರಿಗೇ ಟೇಬಲ್ಲು ಹಾಕಿ, ವಾಯರು ಜೋಡಿಸಿ ಕುಳಿತೆವು. ಪೇಟೆಯ ದಿನ ಅವರು ಪೂಜೆ ಮಾಡದೆ ಬಾಗಿಲು ತೆಗೆಯುವುದಿಲ್ಲ. ಊದಿನಕಡ್ಡಿ ಹಚ್ಚಿ, ಒದ್ದೆ ವಿಭೂತಿಯಲ್ಲಿ ಮೂರು ಬೆರಳದ್ದಿ, ತಕ್ಕಡಿಗೆ, ಬಾಗಿಲಿಗೆ, ಯಂತ್ರಕ್ಕೆ, ನಮ್ಮ ಡಬ್ಬಿಗೆ ಮೂರು ಮೂರು ಗೆರೆ ಎಳೆದರು. ನಮ್ಮ ಮಾನಿಟರಿಗೂ ಎಳೆದರು. ನಾವು ಕೈಮುಗಿದೆವು. ನಮ್ಮ ಕಡೆ ವಿಭೂತಿಯಿಲ್ಲದ ಯಂತ್ರ ಕಂಡರೇ ವಿಚಿತ್ರವೆನಿಸುತ್ತದೆ.

ಹನ್ನೊಂದರ ಸುಮಾರಿಗೆ ಮಹಾಂತೇಶ ಎದ್ದು ನಿಂತು, “ನಿಂತತ್ರಿ ಅಕ್ಕಾರ, ನಿಂತತು!” ಎಂದು ಮೊಮ್ಮಗ ಹುಟ್ಟಿದವರ ಹಾಗೆ ಕೂಗಿದ. ಕೆಂಪು ಅಂಕಿ ಆರರಲ್ಲಿ ಗಟ್ಟಿ. ಬಸವಂತಪ್ಪನವರು ಖೋಲಿಯೊಳಗೆ ದಾರದಲ್ಲಿ ಕಟ್ಟಿದ್ದ ತಮ್ಮ ಪಾದರಸದ ಥರ್ಮಾಮೀಟರು ನೋಡಿ ಬಂದು, “ಏಳು” ಎಂದು, ಡಬ್ಬಿಗೆ ಏಟು ಹಾಕಲು ಕೈ ಎತ್ತಿದರು. ನಾನು ಅಡ್ಡ ನಿಂತೆ.

“ಕಾಕಾರ, ಹೊಡೀಬ್ಯಾಡ್ರಿ!”

“ನನ್ನ ಡಬ್ಬಿ ಐತೆವಾ.”

“ಹೊಡದ್ರ ಒಳಗಿನವ್ರೆಲ್ಲಾ ಮತ್ತ ಓಡಾಕ ಚಾಲೂ ಮಾಡ್ತಾರ್ರಿ. ತಪ್ಪು ಮಾಡಿದಾಂವ ಸಿಗೂದಿಲ್ಲ.”

ಅವರು ನನ್ನನ್ನೂ ಡಬ್ಬಿಯನ್ನೂ ಒಮ್ಮೆ ನೋಡಿದರು. “ಒಳಗ ಎಷ್ಟ ಮಂದಿ ಅದಾರ?”

“ಆರು ಮಂದಿರಿ.”

“ಸಣ್ಣ ಡಬ್ಬಿ ಅಂತ ತಿಳಕೊಂಡಿದ್ದೆ,” ಎಂದು ಕೈ ಇಳಿಸಿದರು. “ನೋಡವಾ, ಹತ್ತು ಡಿಗ್ರಿ ಮುಟ್ಟೂತನಾ ತಡೀತೇನಿ. ಹತ್ತಾತಂದ್ರ ನಾ ಹೊಡೀತೇನಿ, ಸಂಜೀಕ ಟಂಟಂ ಕರಸ್ತೇನಿ.”

‘ಸ್ಟ್ಯಾಚ್ಯೂ’ ಎಂದೆ. ಆರೂ ಜನ ತೆರೆಯ ಮೇಲೆ ಬಂದರು. ನೋಡಿದಷ್ಟೂ ನನ್ನ ತಲೆ ಕೆಟ್ಟಿತು. ತಂಪು ನೋಡುವವನು ಸಿದ್ಧ, ಯಂತ್ರ ನಡೆಸುವವನು ಸಿದ್ಧ, ಬಾಗಿಲವನು, ಅಂಕಿಯವನು, ಸುಮ್ಮನೆ ಕೂರುವವನು ಕೂಡ ಸಿದ್ಧ. ಐದು ಜನ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ, ಸರದಿ ಬಂದರೆ ಹೊರಡುವವರು. ಪೇಟೆಯ ದಿನ ಬಾಗಿಲು ಹತ್ತಾರು ಸಲ ತೆರೆಯುತ್ತದೆ, ಬಾಗಿಲವನದೇ ತಪ್ಪಿರಬೇಕೆಂದು ನಾವು ಅಲ್ಲಿಯ ತನಕ ಸಂಶಯ ಪಡುತ್ತಿದ್ದೆವು. ಆ ಬಡಪಾಯಿ ಏನೂ ಮಾಡದೆ ನಿಂತಿದ್ದ. ನಕ್ಷತ್ರವಿದ್ದದ್ದು ಗಂಟೆ ಬಾರಿಸುವವನ ಮುಂದೆ. ಅವನೇ ಓಡುತ್ತಿರುವವನು. ಆದರೆ ಅವನೆಲ್ಲಿದ್ದಾನೆ ಎಂದು ನೋಡಿದರೆ, ‘ಮಲಗಿದ್ದಾನೆ, ಯಾರಾದರೂ ಎಬ್ಬಿಸುವುದಕ್ಕೆ ಕಾಯುತ್ತಿದ್ದಾನೆ’ ಎಂಬ ಸಾಲು.

“ಓಡಾಕತ್ತಾಂವ ನಿದ್ದ್ಯಾಗ ಅದಾನಂತ,” ಎಂದೆ.

“ನಮ್ಮ ಸೋದರಮಾವ ಬಸ್ಸಿನ್ಯಾಗ ನಿಂತಗೊಂಡ ನಿದ್ದಿ ಹೊಡೀತಾನ್ರಿ,” ಎಂದ ಮಹಾಂತೇಶ. ಆದರೆ ಅವನ ದನಿಯಲ್ಲಿ ನಂಬಿಕೆಯಿರಲಿಲ್ಲ. ಒಳಗಿನಿಂದ ಬಸವಂತಪ್ಪನವರು, “ಎಂಟು” ಎಂದರು.

ಮೂರು ಸಲ ಅದೇ ಪಟ್ಟಿ ತೆಗೆದೆ. ಮೂರು ಸಲವೂ ಅವನು ಓಡುತ್ತಲೇ ಮಲಗಿದ್ದ. ತೀರಾ ಗೊಂದಲವಾದಾಗ ಮನೆಗೆ ಫೋನ್ ಮಾಡುವುದು ನನ್ನ ಹಳೆಯ ಚಾಳಿ. ಅಲ್ಲದೆ ಹನ್ನೆರಡಕ್ಕೆ ನಳ ಬರುವ ದಿನ. ನೀರು ತುಂಬಲು ದೊಡ್ಡ ಮಗಳಿಗೆ ನೆನಪು ಮಾಡಬೇಕಿತ್ತು. ಬಸವಂತಪ್ಪನವರ ಮೇಜಿನ ಮೇಲಿನ ಫೋನೆತ್ತಿ ಹಚ್ಚಿದೆ. ಅತ್ತೆ ಎತ್ತಿದರು; ನಾನು ಬಾಯಿ ತೆರೆಯುವ ಮೊದಲೇ ವರದಿ ಶುರುವಾಯಿತು.

“ಮಗ ಮಲಗ್ಯಾನ್ರಿ, ರಾತ್ರಿ ಪಾಳಿ ಮುಗಿಸಿ ಬಂದಾನ. ಹುಡುಗೂರು ನಳಕ್ಕ ಕೊಡ ಹಚ್ಚಿ ಕುಂತಾರ. ಗಿರಿಜಾ ಹಾವೇರ್ಯಾಗ ಅದಾಳ, ಸಂಜೀಕ ಬರತಾಳ.”

“ಅತ್ತೀ, ನಾನ ಗಿರಿಜಾರಿ.”

“ನೀನ ಏನು? ಎಲ್ಲಿಂದ ಮಾತಾಡಾಕತ್ತಿ?”

“ಬ್ಯಾಡಗಿಯಿಂದ್ರಿ.”

“ಹೆಂಗ ಆಗತೈತಿ? ನೀ ಹಾವೇರ್ಯಾಗ ಅದಿ.”

“ಇಲ್ರೀ ಅತ್ತೀ, ಬ್ಯಾಡಗ್ಯಾಗ ಅದೇನಿ.”

“ಮುಂಜಾನೆ ಹೋಗಾಗ ಹಾವೇರಿ ಅಂತ ಹೇಳಿ ಹೋಗೀದಿ. ನೀ ಕಾಲಿಗೆ ಚಕ್ರಾ ಕಟಗೊಂಡ ತಿರಗತೀದಿ, ನಾ ಇಲ್ಲಿ ಕುಂತ ಹೆಂಗ ಹೇಳಲಿ? ಮಲಗಿದಾಂವ ಎಲ್ಲಿ ಅದಾನ ಅಂತ ಹೇಳಬಹುದು. ತಿರಗೂವಾಕಿನ್ನ ಆಕಿನ್ನ ಕೇಳಬೇಕು.”

ನಳದ ವಿಷಯ ಹೇಳದೆಯೇ ಫೋನಿಟ್ಟೆ. ನನ್ನ ತುಣುಕು ಪ್ರತಿಯೊಬ್ಬನ ಬಗ್ಗೆಯೂ ಅವನವನ ಚೀಟಿಯನ್ನೇ ಓದಿ ಹೇಳುತ್ತಿತ್ತು. ಕೆಲಸ ಬಿಟ್ಟು ಕೂತವರ ಮಟ್ಟಿಗೆ ಅದು ಸರಿ. ಆದರೆ ಓಡುತ್ತಿರುವವನ ಚೀಟಿ ಅವನು ಹಿಂದೆ ಎಂದೋ ಮಲಗುವಾಗ ಬರೆದದ್ದು, ಹಳಸಲು. ಅವನೆಲ್ಲಿ ಎಂದು ಅವನನ್ನೇ, ಅಂದರೆ ಆ ಕ್ಷಣದ ಮೆದುಳನ್ನೇ ನೇರವಾಗಿ ಕೇಳಬೇಕಿತ್ತು. ವರ್ಕ್‌ಶಾಪಿನಲ್ಲಿ ಈ ತಪ್ಪು ಕಾಣಲಿಲ್ಲ. ಯಾಕೆಂದರೆ ಅಲ್ಲಿ ಓಡುತ್ತಿದ್ದವನು ಸುಮ್ಮನೆ ಕೂರುವವನು. ಅವನು ನಿನ್ನೆಯೂ ಅಲ್ಲೇ, ಇಂದೂ ಅಲ್ಲೇ.

ನಾಲ್ಕು ಸಾಲು ತಿದ್ದಿದೆ. ಡಿಬಗರನ್ನು ಮತ್ತೆ ಕಟ್ಟಲು ನಮ್ಮ ಹಳೆಯ ಕಂಪ್ಯೂಟರಿಗೆ ಎಂಟು ನಿಮಿಷ ಬೇಕು. ತೆರೆಯ ಮೇಲೆ ಅಕ್ಷರಗಳು ಇರುವೆಗಳ ಹಾಗೆ ಹರಿದವು. ಬಸವಂತಪ್ಪನವರು ಹೊರಬಂದು “ಒಂಬತ್ತು” ಎಂದು, ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು, ಡಬ್ಬಿಯ ಪಕ್ಕದಲ್ಲೇ ನಿಂತರು. ಮಹಾಂತೇಶ ಅವರ ಬಲಗೈಯನ್ನೇ ನೋಡುತ್ತಿದ್ದ. ನಾನು ಮಾನಿಟರಿನ ಮೇಲಿನ ವಿಭೂತಿಯನ್ನೇ ನೋಡುತ್ತಿದ್ದೆ. ಒಣಗಿ ಗಾರೆಯ ಹಾಗೆ ಬಿಳಿಚಿಕೊಂಡಿತ್ತು. “ಒಂಬತ್ತೂವರಿ” ಎಂದಾಗ ಕಟ್ಟಿ ಮುಗಿಯಿತು. ಪಟ್ಟಿ ಮತ್ತೆ ಬಂತು. ಈ ಸಲ ಗಂಟೆಯವನ ಮುಂದೆ ಬೇರೆಯೇ ಸಾಲು: ‘ಗುಂಡಿ ಬಿಡುವ ತನಕ ಕಾಯುತ್ತಿದ್ದಾನೆ’.

ಗಂಟೆ ಬಡಿದುಕೊಂಡಾಗ ಅದನ್ನು ಸುಮ್ಮನಾಗಿಸಲು ಡಬ್ಬಿಯ ಮೇಲೆ ‘ಸಾಕು’ ಎಂಬ ಒಂದು ಗುಂಡಿಯಿದೆ. ಅದನ್ನು ಒತ್ತಿದರೆ ಗಂಟೆಯವನು ಎದ್ದು, ಒತ್ತಿದವರು ಕೈ ತೆಗೆಯುವ ತನಕ ನೋಡುತ್ತ, ನೋಡುತ್ತ, ನೋಡುತ್ತಲೇ ಇರುತ್ತಾನೆ. ಎಲ್ಲರಿಗಿಂತ ಹಿರಿಯನೆಂದು ನಾವೇ ಪಟ್ಟ ಕಟ್ಟಿದ್ದರಿಂದ ಅವನಿರುವ ತನಕ ಉಳಿದವರಿಗೆ ಸರದಿಯಿಲ್ಲ. ಒಬ್ಬರು ಗುಂಡಿ ಒತ್ತಿದರೆ ಎಷ್ಟು ಹೊತ್ತು ಒತ್ತಿಯಾರು ಎಂದು ಎರಡು ವರ್ಷದ ಹಿಂದೆ ಹಾಗೆ ಬರೆದವಳು ನಾನೇ. ಈಗ ಮೂವರೂ ಒಟ್ಟಿಗೆ ಡಬ್ಬಿಯ ಕಡೆ ತಿರುಗಿದೆವು. ಡಬ್ಬಿಗೆ ಹಣೆ ಎಂಬುದಿದ್ದರೆ ‘ಸಾಕು’ ಗುಂಡಿ ಇರುವುದು ಸರಿಯಾಗಿ ಅಲ್ಲಿ. ಅದರ ಮೇಲೆ ಬಸವಂತಪ್ಪನವರ ಮೂರು ಬೆರಳಿನ ಭಕ್ತಿ, ಮುಂಜಾನೆ ಹಸಿಯಾಗಿದ್ದದ್ದು ಹನ್ನೊಂದರ ಹೊತ್ತಿಗೆ ದಪ್ಪಗೆ ಒಣಗಿ ಬಿಗಿದು, ಗುಂಡಿಯನ್ನು ಒಳಗೆ ಒತ್ತಿ ಹಿಡಿದು ಕೂತಿತ್ತು. ಪೇಟೆಯ ದಿನವೇ ಯಾಕೆ ಕೆಡುತ್ತಿತ್ತು, ಎರಡು ಏಟಿಗೆ ಯಾಕೆ ಸರಿಹೋಗುತ್ತಿತ್ತು ಎಂಬುದೆಲ್ಲ ಅಲ್ಲಿ ಬಿಳಿಯ ಅಕ್ಷರದಲ್ಲಿ ಬರೆದ ಹಾಗಿತ್ತು. ಮಹಾಂತೇಶ ಉಗುರಿನಿಂದ ಕೆರೆದ. ‘ಟಕ್’ ಎಂದು ಗುಂಡಿ ಹೊರಬಂತು. ಬೋರ್ಡನ್ನು ಬಿಟ್ಟಕೂಡಲೇ ಅಂಕಿ ಆರರಿಂದ ಒಂಬತ್ತೂವರೆಗೆ ಹಾರಿತು. ಗೋಡೆಯಾಚೆ ಯಂತ್ರ ಗುಡುಗಿತು.

ಬಸವಂತಪ್ಪನವರು ತಮ್ಮ ಮೂರು ಬೆರಳುಗಳನ್ನು ನೋಡಿಕೊಂಡರು. ಆಮೇಲೆ ಇನ್ನೂ ಮೆಲ್ಲಗೆ, “ಅಂದ್ರ ನನ್ನ ಪೂಜಾದಿಂದ ಕೆಡತಿತ್ತು?” ಎಂದರು.

“ಇಲ್ರಿ ಕಾಕಾರ,” ಎಂದೆ ನಾನು. “ನಾ ಬರದದ್ದ ತಪ್ಪು. ಒತ್ತಿದವ್ರು ಕೈ ತಗೀತಾರ ಅಂತ ತಿಳಕೊಂಡಿದ್ದೆ.”

“ಇಟ್ಟ ವಿಭೂತಿ ಹೆಂಗ ತಗಿಯೂದವಾ?” ಎಂದರು ಅವರು. ನ್ಯಾಯವಾದ ಪ್ರಶ್ನೆ. ಗಂಟೆಯವನು ಅರೆಗಳಿಗೆಗಿಂತ ಹೆಚ್ಚು ಕಾಯಬಾರದೆಂದು ಅಲ್ಲಿಯೇ ತಿದ್ದಿದೆ. ಮಹಾಂತೇಶ ಅದಕ್ಕಿಂತ ಜಾಣ. ಮರುದಿನವೇ ಮೂರೂ ಡಬ್ಬಿಗಳ ತಲೆಯ ಮೇಲೆ ಒಂದೊಂದು ಖಾಲಿ ತಗಡಿನ ಪಟ್ಟಿ ಕೂರಿಸಿಕೊಟ್ಟ, ಪೂಜೆಗೆಂದೇ. ಡಬ್ಬಿಗಳು ಉಳಿದವು. ಚಹಾ ಬಂತು, ಜೊತೆಗೆ ಬಿಸಿ ಮಿರ್ಚಿ ಭಜಿಯೂ ಬಂತು. ಬೇರೆ ಇಬ್ಬರು ಮಾಲೀಕರು ಡಬ್ಬಿ ಕೇಳಲು ಬಂದಾಗ ಬಸವಂತಪ್ಪನವರು, “ಒಳಗ ಆರು ಮಂದಿ ಅದಾರ, ಒಬ್ಬೊಬ್ಬರದೂ ಈ ತಂಗಿ ಹೇಳತಾಳ” ಎಂದು ಶಿಫಾರಸು ಮಾಡಿದರಂತೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಮುಚ್ಚಿಡುವುದು ಸರಿಯಲ್ಲ. ನಾನು ಒಂದು ಅಕ್ಷರವನ್ನೂ ಸೇರಿಸದಿದ್ದರೆ, ಆ ಹಳೆಯ ಡಿಬಗರು, ಒಬ್ಬನನ್ನೇ ಬಲ್ಲ ಆ ದಡ್ಡ ಡಿಬಗರು, ಏಳು ಡಿಗ್ರಿಗೇ ‘ಗುಂಡಿ ಬಿಡುವುದಕ್ಕೆ ಕಾಯುತ್ತಿದ್ದಾನೆ’ ಎಂದು ಹೇಳಿಬಿಡುತ್ತಿತ್ತು. ಅದಕ್ಕೆ ಗೊತ್ತಿದ್ದದ್ದು ಓಡುತ್ತಿರುವವನೊಬ್ಬನೇ ತಾನೆ! ಐವರ ಪರಿಚಯ ಮಾಡಿಸುವ ಭರದಲ್ಲಿ ಇದ್ದ ಒಬ್ಬನ ಪರಿಚಯವನ್ನು ನಾನು ಕೆಡಿಸಿದ್ದೆ. ಬಸ್ಸಿನಲ್ಲಿ ಮಾನಿಟರು ಹೊತ್ತು ಬರುವಾಗ ಇದನ್ನು ಮಹಾಂತೇಶನಿಗೆ ಹೇಳಿದೆ. ಅವನು ಕಿಟಕಿಯ ಹೊರಗೆ ನೋಡುತ್ತ, “ಇರ್ಲಿರಿ ಅಕ್ಕಾರ, ಮುಂದ ಉಪಯೋಗಕ್ಕ ಬರತೈತಿ” ಎಂದ. ಅವನಿಗೆ ಇದು ಗುಂಡಿ ‘ಟಕ್’ ಎಂದಾಗಲೇ ಗೊತ್ತಾಗಿತ್ತೆಂದು ಕಾಣುತ್ತದೆ.

ಮನೆಗೆ ಬಂದು ಅಡಿಗೆಮನೆಯ ವಹಿ ತೆಗೆದು ನೋಡಿದೆ. ಇವರ ಪಾಳಿ, ಮಕ್ಕಳ ಪರೀಕ್ಷೆ, ಅತ್ತೆಯ ಗುಳಿಗೆ ಎಲ್ಲ ದಿನದಿನಕ್ಕೆ ಸರಿಯಾಗಿದೆ. ನನ್ನ ಹೆಸರಿನ ಮುಂದೆ ಎರಡು ವರ್ಷದಿಂದ ‘ಹಾವೇರಿ’ ಎಂದೊಂದೇ ಮಾತು, ಭಾನುವಾರ ಸಹಿತ. ಇನ್ನು ಮೇಲೆ ಹಾಗಾಗಬಾರದು, ಎಲ್ಲಿದ್ದೇನೋ ಅಲ್ಲಿಯದನ್ನೇ ಹೇಳಬೇಕು ಎಂದು ಆವತ್ತೇ ನಿಶ್ಚಯ ಮಾಡಿಕೊಂಡೆ. ಆ ನಿಶ್ಚಯದ ಬಗ್ಗೆ ನಾಲ್ಕು ಸಾಲು ಬರೆಯೋಣವೆಂದು ಈಗ ಪಡಸಾಲೆಯ ತೂಗುಮಂಚದ ಮೇಲೆ ಕಾಲು ಮಡಚಿ ಕೂತಿದ್ದೇನೆ. ಹಿತ್ತಲಿನಿಂದ ಅತ್ತೆ ಕೂಗಿದರು:

“ಗಿರಿಜಾ, ಎಲ್ಲಿ ಅದಿ?”

“ಒಲಿ ಮುಂದ ಅದೇನ್ರಿ ಅತ್ತೀ, ಹಾಲು ಇಟ್ಟೇನಿ,” ಎಂದೆ, ಬರೆಯುವುದನ್ನು ನಿಲ್ಲಿಸದೆ.

ಅವರು ಮಂಡಿ ಹಿಡಿದುಕೊಂಡು ನಿಧಾನಕ್ಕೆ ಒಳಗೆ ಬಂದು, ಅಡಿಗೆಮನೆಗೆ ಇಣುಕಿ, ಆಮೇಲೆ ನನ್ನ ಮುಂದೆ ಬಂದು ನಿಂತಿದ್ದಾರೆ. ಸೀದ ಹಾಲಿನ ವಾಸನೆಯೂ ಅವರ ಹಿಂದೆಯೇ ಬಂದಿದೆ.

“ಒಲಿ ಮುಂದ ನೋಡಿ ಬಂದೆ,” ಎನ್ನುತ್ತಿದ್ದಾರೆ. “ಅಲ್ಲಿ ನೀ ಇಲ್ಲ.”